ಮರದ ಯುದ್ಧನೌಕೆಯ ಆಯುಷ್ಯ

ಹಳೆಯ ಮನೆಯ ತೊಲೆಗೆ ಕುಟ್ಟೆ ಹಿಡಿದಿದೆಯೇ ಎಂದು ತಿಳಿಯಲು ಬಡಗಿ ಅದನ್ನು ತಟ್ಟಿ ನೋಡುತ್ತಾನೆ. ಗಟ್ಟಿ ಸದ್ದು ಬಂದರೆ ನಿಶ್ಚಿಂತೆ, ಟೊಳ್ಳು ಸದ್ದು ಬಂದರೆ ಖರ್ಚು. ಹದಿನೆಂಟನೇ ಶತಮಾನದ ಯುದ್ಧನೌಕೆಯನ್ನು ತಿಳಿಯಹೊರಟವರು ಈ ತೊಲೆಯಿಂದಲೇ ಶುರುಮಾಡಬೇಕು. ಹಾಯಿ, ಫಿರಂಗಿ, ಸೇನಾನಿ ಎಲ್ಲ ಆಮೇಲೆ.

ಇಂಗ್ಲೆಂಡಿನ ‘ವಿಕ್ಟರಿ’ ಹಡಗನ್ನೇ ನೋಡೋಣ. ಅದರ ವಿನ್ಯಾಸ ಥಾಮಸ್ ಸ್ಲೇಡ್ ಅವರದು. 1759ರ ಜುಲೈನಲ್ಲಿ ಚಾಥಮ್ ಎಂಬಲ್ಲಿ ಕೆಲಸ ಶುರುವಾಯಿತು. ಬೇಕಾದದ್ದು ಸುಮಾರು 6,000 ಮರ, ಹೆಚ್ಚಿನವು ಓಕ್. ಪಕ್ಕೆಲುಬುಗಳಂತೆ ಚೌಕಟ್ಟು ಎದ್ದ ಮೇಲೆ ಕೆಲವು ತಿಂಗಳು ಹಾಗೇ ಒಣಗಲು ಬಿಟ್ಟು, ಆಮೇಲೆ ಹಲಗೆ ಹೊಡೆಯುವುದು ರೂಢಿ. ಆದರೆ ಏಳು ವರ್ಷಗಳ ಯುದ್ಧದ ಬಿಸಿ ಇಳಿಯುತ್ತ ಬಂದದ್ದರಿಂದ ಯಾರಿಗೂ ಅವಸರವಿರಲಿಲ್ಲ. ಚೌಕಟ್ಟು ಸುಮಾರು ಮೂರು ವರ್ಷ ಗಾಳಿಗೆ ನಿಂತು ಹದಗೊಂಡಿತು. ಹಸಿ ಮರದಲ್ಲಿ ಕಟ್ಟಿದ ಹಡಗುಗಳು ಕೆಲವೇ ವರ್ಷಗಳಲ್ಲಿ ಒಳಗೊಳಗೇ ಲಡ್ಡಾಗುತ್ತಿದ್ದ ಕಾಲ ಅದು. ವಿಕ್ಟರಿಯ ದೀರ್ಘಾಯುಷ್ಯಕ್ಕೆ ಈ ತಡವೇ ಬುನಾದಿ ಎಂದು ನನ್ನ ನಂಬಿಕೆ.

1765ರ ಮೇ 7ರಂದು ಹಡಗು ನೀರಿಗಿಳಿಯಿತು. ಸೇವೆಗೆ ಸೇರಿದ್ದು ಮಾತ್ರ 1778ರಲ್ಲಿ! ಹೊಸಬರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಸೇವಾವಧಿ ಎಂದರೆ ಸದಾ ಸಮುದ್ರದಲ್ಲಿರುವುದಲ್ಲ. ಯುದ್ಧ ಬಂದಾಗ ಜನ, ಮದ್ದುಗುಂಡು ತುಂಬಿ ಕಳಿಸುತ್ತಿದ್ದರು. ಶಾಂತಿಯಾದರೆ ಫಿರಂಗಿ ಇಳಿಸಿ ಬಂದರಿನಲ್ಲಿ ಕಟ್ಟಿಹಾಕುತ್ತಿದ್ದರು.

ಸಮುದ್ರದಲ್ಲಿದ್ದಾಗಲೂ ಮುಖ್ಯ ಕೆಲಸ ನೀರನ್ನು ಹೊರಗಿಡುವುದೇ. ಹಳೆಯ ಹಗ್ಗಗಳನ್ನು ಬಿಡಿಸಿ, ನಾರು ಹೊಸೆದು, ಹಲಗೆಗಳ ಸಂದಿಗೆ ಉಳಿ ಮತ್ತು ಕೊಡತಿಯಿಂದ ಬಿಗಿಯಾಗಿ ತುರುಕುತ್ತಿದ್ದರು. ಅದರ ಮೇಲೆ ಕಾದ ಕರಿಯ ರಾಳ ಹೊಯ್ಯುತ್ತಿದ್ದರು. ಅಲೆಗೆ ಹಡಗು ಮೈ ಮುರಿದಂತೆಲ್ಲ ಸಂದು ಸಡಿಲವಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಇನ್ನು ನೀರಿನೊಳಗಿನ ಮರಕ್ಕೆ ಕಡಲಹುಳುವಿನ ಕಾಟ. ಅದನ್ನು ತಡೆಯಲು 1780ರಲ್ಲಿ ವಿಕ್ಟರಿಯ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಪಾಚಿ, ಚಿಪ್ಪು ಅಂಟುವುದು ತಗ್ಗಿ ವೇಗವೂ ಹೆಚ್ಚಿತು.

1797ರ ಫೆಬ್ರುವರಿಯಲ್ಲಿ ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಕಾದಾಡಿ ಬಂದ ಹಡಗನ್ನು, ಇನ್ನು ಯುದ್ಧಕ್ಕಾಗದು ಎಂದು, ಕೈದಿಗಳ ಆಸ್ಪತ್ರೆಯ ಕೆಲಸಕ್ಕೆ ಹಚ್ಚಲು ಹೊರಟರು. ಅಷ್ಟರಲ್ಲಿ, 1799ರಲ್ಲಿ, ‘ಇಂಪ್ರೆಗ್ನಬಲ್’ ಎಂಬ ದೊಡ್ಡ ಹಡಗು ದಡಕ್ಕೆ ಬಡಿದು ಹಾಳಾಯಿತು. ಆ ಜಾಗ ತುಂಬಲು ಮುದಿ ವಿಕ್ಟರಿಯೇ ಬೇಕಾಯಿತು. ದುರಸ್ತಿಗೆ ಕೈಹಾಕಿ ಬಿಚ್ಚಿದಷ್ಟೂ ಕೊಳೆತ ಮರವೇ. 1803ಕ್ಕೆ ಕೆಲಸ ಮುಗಿದಾಗ ಲೆಕ್ಕ 70,933 ಪೌಂಡ್. ಮೊದಲು ಕಟ್ಟಲು ತಗುಲಿದ್ದು 63,176 ಪೌಂಡ್!

ಎರಡು ವರ್ಷಗಳ ಬಳಿಕ, 1805ರ ಅಕ್ಟೋಬರ್ 21ರಂದು, ಟ್ರಫಾಲ್ಗರ್ ಕದನ. 104 ಫಿರಂಗಿಗಳ ಈ ಹಡಗಿನಲ್ಲಿ ಅಂದು 800ಕ್ಕೂ ಹೆಚ್ಚು ಜನರಿದ್ದರು. ಚುಕ್ಕಾಣಿಯ ಚಕ್ರ ಗುಂಡಿಗೆ ಪುಡಿಯಾಯಿತು. ಕೆಳ ಅಂತಸ್ತಿನಿಂದ ಹಗ್ಗ ಎಳೆದು ದಿಕ್ಕು ತಿರುಗಿಸಿದರು. ಸೇನಾನಿ ನೆಲ್ಸನ್ ಹಡಗಿನಲ್ಲೇ ಪ್ರಾಣಬಿಟ್ಟರು. ಜಖಂಗೊಂಡ ವಿಕ್ಟರಿಯನ್ನು ಇನ್ನೊಂದು ಹಡಗು ಜಿಬ್ರಾಲ್ಟರಿಗೆ ಎಳೆದು ತಂದಿತು. ಮರಳಿ ಚಾಥಮ್, ಮರಳಿ ದುರಸ್ತಿ, ಮರಳಿ ಸಮುದ್ರ. 1812ರಲ್ಲಿ ಅದರ ಸಮುದ್ರಯಾನ ಮುಗಿಯಿತು.

ಪುಸ್ತಕಗಳು ಟ್ರಫಾಲ್ಗರಿನ ಆ ಒಂದು ಮಧ್ಯಾಹ್ನದ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತವೆ. ಅವನ್ನು ಓದುವಾಗ, ಆ ಮಧ್ಯಾಹ್ನದವರೆಗೆ ಹಡಗನ್ನು ತೇಲಿಸಿಟ್ಟ ಬಡಗಿಗಳನ್ನೂ ನೆನೆಯಿರಿ. 1922ರಿಂದ ವಿಕ್ಟರಿ ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿದೆ. ಬ್ರಿಟಿಷ್ ನೌಕಾಪಡೆಯ ದಾಖಲೆಯಲ್ಲಿ ಅದು ಇಂದಿಗೂ ಸೇವೆಯಲ್ಲಿರುವ ಹಡಗು. ಅಲ್ಲಿ ಬಡಗಿಗಳು ಈಗಲೂ ಕೊಳೆತ ಹಲಗೆ ಕಿತ್ತು ಹೊಸ ಓಕ್ ಹಲಗೆ ಕೂರಿಸುತ್ತಿದ್ದಾರೆ.