ಬೆವರು ಗ್ರಂಥಿಯ ಕ್ಯಾನ್ಸರ್: ತಿಳಿದಿರತಕ್ಕ ಕೆಲವು ಸಂಗತಿಗಳು

ಡೊಂಬಿವಲಿಯಿಂದ ದಿನವೂ ಲೋಕಲ್ ಗಾಡಿಯಲ್ಲಿ ನಿಂತು ಹೋಗಿಬರುವ ನಮಗೆ ಬೆವರು ಹೊಸದಲ್ಲ. ಅದು ಎಲ್ಲಿಂದ ಬರುತ್ತದೆಂದು ವಿಚಾರಿಸುವವರು ಮಾತ್ರ ಕಡಿಮೆ. ಮನುಷ್ಯನ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಒಂದೊಂದೂ ಚರ್ಮದೊಳಗೆ ಸುರುಳಿ ಸುತ್ತಿಕೊಂಡ ಸಣ್ಣ ನಳಿಕೆ. ಅದರ ಬಾಯಿ ಮೇಲಕ್ಕೆ ತೆರೆದಿರುತ್ತದೆ. ಅಂಗೈ ಅಂಗಾಲುಗಳಲ್ಲಿ ಇವು ಬಹಳ ದಟ್ಟ.

ಈ ನಳಿಕೆಯ ಮೇಲ್ತುದಿಯ ಜೀವಕೋಶಗಳು ಅಂಕೆ ತಪ್ಪಿ ಬೆಳೆದರೆ ಪೋರೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಆಗುತ್ತದೆ. ಪಿಂಕಸ್ ಮತ್ತು ಮೆಹ್ರೆಗಾನ್ ಎಂಬ ವೈದ್ಯರು 1963ರಲ್ಲಿ ಇದನ್ನು ಮೊದಲು ವರ್ಣಿಸಿದರು. ಇದು ತೀರ ಅಪರೂಪ. ಚರ್ಮದ ಗಡ್ಡೆಗಳಲ್ಲಿ 10,000ಕ್ಕೆ ಒಂದು ಸಿಕ್ಕುವುದೂ ಹೆಚ್ಚು. ಅರುವತ್ತು ದಾಟಿದವರ ಕಾಲು, ತಲೆ, ಮೋರೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಸಾಧು ಗಂಟೇ ಮುಂದೆ ಕೇಡಿಗೆ ತಿರುಗುವುದುಂಟು. ಇದು ಅಂಟುರೋಗವಲ್ಲ.

ಅಪರೂಪದ ರೋಗವನ್ನು ನಾವೇಕೆ ತಿಳಿಯಬೇಕು? ಅದು ಹರಡಬಲ್ಲುದು, ಆದ್ದರಿಂದ. ಚರ್ಮದೊಳಗೆ ರಕ್ತನಾಳಗಳಲ್ಲದೆ ದುಗ್ಧರಸದ ನಾಳಗಳೂ ಇವೆ. ಕೆಟ್ಟ ಕೋಶಗಳು ಆ ದಾರಿ ಹಿಡಿದು ಮೊದಲು ಹತ್ತಿರದ ಗ್ರಂಥಿಗಳಲ್ಲಿ ತಂಗುತ್ತವೆ: ಕಾಲಿನವು ತೊಡೆಸಂದಿಯಲ್ಲಿ, ಕೈಯವು ಕಂಕುಳಲ್ಲಿ, ಮೋರೆಯವು ಕುತ್ತಿಗೆಯಲ್ಲಿ. ಸುಮಾರು ಐವರು ರೋಗಿಗಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮುಂದೆ ಶ್ವಾಸಕೋಶ, ಎಲುಬುಗಳಿಗೆ ಮುಟ್ಟಿದರೆ ಗುಣವಾಗುವುದು ದುಸ್ತರ. ಹರಡುವ ಮೊದಲೇ, ಸುತ್ತಲಿನ ಒಳ್ಳೆಯ ಚರ್ಮದ ಅಂಚು ಸಹಿತ ಕತ್ತರಿಸಿ ತೆಗೆದರೆ ಬಹುಮಂದಿ ಗುಣ ಹೊಂದುತ್ತಾರೆ. ಮರುಕಳಿಸುವುದೂ ಉಂಟಾದುದರಿಂದ ಕೆಲವು ವರ್ಷ ತಪ್ಪದೆ ತೋರಿಸಿಕೊಳ್ಳತಕ್ಕದ್ದು.

ತೊಡಕೇನೆಂದರೆ, ಇದು ನೋಡಲು ನರಹುಲಿಯಂತೆ, ಆಣಿಯಂತೆ ಇರುತ್ತದೆ. ಎಷ್ಟೋ ಸಲ ನೋವೂ ಇರದು. ನಾವು ಬ್ಲೇಡಿನಿಂದ ಕೆತ್ತುತ್ತೇವೆ, ಸುಣ್ಣ ಹಚ್ಚುತ್ತೇವೆ, ಒಂದು ದಿನದ ಪಗಾರ ಹೋದೀತೆಂದು ದವಾಖಾನೆಯನ್ನು ಮುಂದೂಡುತ್ತೇವೆ. ಇದು ಕೂಡದು. ಗಂಟು ಬೇಗ ಬೆಳೆದರೆ, ರಕ್ತ ಒಸರಿದರೆ, ಹುಣ್ಣಾಗಿ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕು. ಬರಿಗಣ್ಣಿಗೆ ಈ ರೋಗ ನಿಶ್ಚಯವಾಗದು; ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆದುದರಿಂದ ಯಾರಾದರೂ ಗಂಟನ್ನು ಕೊಯ್ದು ತೆಗೆದರೆ, ಅದನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಿರೆಂದು ಕೇಳಿಕೊಳ್ಳಿರಿ. ಹೀಗೆ ಕೇಳಲು ಸಂಕೋಚ ಬೇಡ.

ಕ್ಯಾನ್ಸರೆಂದು ಸಂಶಯ ಬಂದರೆ ನಮಗೆ ದೂರ ಹೋಗಬೇಕಾಗಿಲ್ಲ. ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಪರೇಲಿನಲ್ಲಿದೆ. ಸ್ಲೋ ಗಾಡಿ ಹಿಡಿದರೆ ಪರೇಲ್ ಸ್ಟೇಶನ್ನಿನಲ್ಲೇ ಇಳಿಯಬಹುದು.

ಇನ್ನೊಂದು ಮಾತು. ಇದು ಹೆಚ್ಚಾಗಿ ಮುಪ್ಪಿನವರ ರೋಗ. ರಜೆಗೆ ಊರಿಗೆ ಹೋದಾಗ ತಂದೆತಾಯಿಗಳ ಕಾಲಿನಲ್ಲಿ ಬಹುದಿನದ ಗಂಟೇನಾದರೂ ಇದೆಯೇ ಎಂದು ಒಮ್ಮೆ ನೋಡಿರಿ. ಅವರಾಗಿ ಹೇಳುವವರಲ್ಲ.