ಪ್ರಾಥಮಿಕ ತರಗತಿಯಲ್ಲಿ ವಿಜ್ಞಾನ ಬೋಧನೆ: ಬಸವಕಲ್ಯಾಣ ಮತ್ತು ಹುಮನಾಬಾದ ಶಾಲೆಗಳ ಬೋಧನಾಭ್ಯಾಸದಿಂದ ಕೆಲವು ವಿಚಾರಗಳು

ಪ್ರಾಥಮಿಕ ಹಂತದಲ್ಲಿ ವಿಜ್ಞಾನವನ್ನು ಏಕೆ ಕಲಿಸಬೇಕು ಎಂದು ಕೇಳಿದರೆ ನಮ್ಮ ಪ್ರಶಿಕ್ಷಣಾರ್ಥಿಗಳು ತಡವರಿಸದೆ ಉತ್ತರ ಕೊಡುತ್ತಾರೆ. ವೈಜ್ಞಾನಿಕ ಮನೋಭಾವ, ವೀಕ್ಷಣಾ ಸಾಮರ್ಥ್ಯ, ಕಾರ್ಯಕಾರಣ ಸಂಬಂಧದ ತಿಳಿವಳಿಕೆ ಎಲ್ಲವೂ ಬಾಯಿಪಾಠ. 1976ರ 42ನೆಯ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯವಾಗಿ ಸೇರಿದ್ದನ್ನೂ ಬರೆಯುತ್ತಾರೆ. ಆದರೆ ಪಾಠ ವೀಕ್ಷಣೆಗೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಾಗ ನನಗೆ ಕಾಣುವುದು ಬೇರೆ. ಬಣ್ಣದ ಚಾರ್ಟು, ಅದಕ್ಕೆ ಬಡಿಯುವ ಕೋಲು, 'ಹೌದಲ್ವಾ ಮಕ್ಕಳೇ' ಎಂಬ ಪ್ರಶ್ನೆ, 'ಹೌದ್ರೀ ಸರ್' ಎಂಬ ಸಾಮೂಹಿಕ ಉತ್ತರ. ಒಂದರಿಂದ ಐದನೆಯ ತರಗತಿಯವರೆಗಿನ ಪರಿಸರ ಅಧ್ಯಯನದ ಅವಧಿಯಂತೂ ಎಷ್ಟೋ ಕಡೆ ಗಣಿತದ ಬಾಕಿ ತೀರಿಸಲು ಬಳಕೆಯಾಗುತ್ತದೆ. ಆರನೆಯ ತರಗತಿಯಲ್ಲಿ 'ವಿಜ್ಞಾನ' ಎಂಬ ಹೆಸರಿನ ಪುಸ್ತಕ ಮಗುವಿನ ಕೈಗೆ ಬರುವ ಹೊತ್ತಿಗೆ, ವಿಜ್ಞಾನವೆಂದರೆ ಕಂಠಪಾಠ ಮಾಡುವ ಇನ್ನೊಂದು ವಿಷಯವೆಂಬ ಭಾವನೆ ಗಟ್ಟಿಯಾಗಿರುತ್ತದೆ. ಹೈಸ್ಕೂಲಿನ ಪ್ರಯೋಗಾಲಯದಿಂದ ಆಮೇಲೆ ಅದನ್ನು ಸಡಿಲಿಸುವುದು ಕಷ್ಟ.

ಈ ಲೇಖನದಲ್ಲಿ ಉದ್ದೇಶಗಳ ಪಟ್ಟಿಯನ್ನು ಮತ್ತೆ ಕೊಡುವುದಿಲ್ಲ. ಡಿಸೆಂಬರ್ ತಿಂಗಳ ಬೋಧನಾಭ್ಯಾಸದಲ್ಲಿ ಎರಡೂ ತಾಲ್ಲೂಕುಗಳ ಶಾಲೆಗಳಲ್ಲಿ ನಾನು ನೋಡಿದ ಒಂದೆರಡು ಪಾಠಗಳನ್ನು ಆಧಾರವಾಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲನೆಯದು ನೆರಳಿನ ಪಾಠ, ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಶಾಲೆಯ ಆರನೆಯ ತರಗತಿಯಲ್ಲಿ. 'ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ನೆರಳು ಕಾಲಡಿಯಲ್ಲಿರುತ್ತದೆ' ಎಂದು ಪ್ರಶಿಕ್ಷಣಾರ್ಥಿ ತನ್ನ ಪಾಠಯೋಜನೆಯಲ್ಲಿ ಬರೆದಿದ್ದರು. ಎಲ್ಲರೂ ಹೇಳುವ ಮಾತು ಅದು. ಪಾಠದ ಹಿಂದಿನ ದಿನ ಯೋಜನೆಯ ಚರ್ಚೆಯಲ್ಲಿ, ಇದನ್ನು ಹೇಳುವ ಬದಲು ಅಳೆಯಿಸಿ ಎಂದಷ್ಟೇ ಸೂಚಿಸಿದೆ. ಅವರು ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟರು. ಅದು ನೇರವಾಗಿದೆಯೇ ಎಂದು ನೋಡಲು ಗೌಂಡಿಗಳ ತೂಗುಗುಂಡಿನ ಬದಲು ದಾರಕ್ಕೆ ಕಟ್ಟಿದ ಕಲ್ಲು ಇಳಿಬಿಟ್ಟರು. ಮಕ್ಕಳು 11:40ರಿಂದ ಒಂದು ಗಂಟೆಯವರೆಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿ, ಟೇಪಿನಿಂದ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮೊದಲ ಅಳತೆಗೇ ಗದ್ದಲ. 11:40ಕ್ಕೆ ನೆರಳು 91 ಸೆಂಟಿಮೀಟರ್. ಇನ್ನು ಇಪ್ಪತ್ತು ನಿಮಿಷದಲ್ಲಿ ಅದು ಕಾಲಡಿಗೆ ಬರಬೇಕಲ್ಲ! 12 ಗಂಟೆಗೆ 89 ಆಯಿತು. 'ಸರ್ರೀ, ನೆಳ್ಳು ಇನ್ನಾ ಭಾಳ ಅದ' ಎಂದಳು ಒಬ್ಬ ಹುಡುಗಿ. ಅತಿ ಚಿಕ್ಕ ನೆರಳು ಸಿಕ್ಕಿದ್ದು 12:20ಕ್ಕೆ, 88 ಸೆಂಟಿಮೀಟರ್. ಅದರ ಆಚೀಚಿನ ಅಳತೆಗಳ ವ್ಯತ್ಯಾಸ ಕೆಲವು ಮಿಲಿಮೀಟರುಗಳಷ್ಟೇ. ಆದ್ದರಿಂದ ಸುಣ್ಣದ ಗುರುತು ದಪ್ಪವಾಗಿದ್ದ ಗುಂಪಿಗೂ ಚೂಪಾಗಿ ಗುರುತು ಹಾಕಿದ ಗುಂಪಿಗೂ ಉತ್ತರ ಬೇರೆಯಾಯಿತು. ಆ ಜಗಳವೇ ಅಂದಿನ ಪಾಠದ ಬಹುಮುಖ್ಯ ಭಾಗವೆಂದು ನನ್ನ ಅಭಿಪ್ರಾಯ. ಅಳತೆಯಲ್ಲಿ ನಿಖರತೆ ಏಕೆ ಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಇದರ ಹಿಂದಿನ ವಿಷಯವನ್ನು ಪ್ರಶಿಕ್ಷಣಾರ್ಥಿಗಳು ಚೆನ್ನಾಗಿ ತಿಳಿದಿರಬೇಕು. ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು. ಬಸವಕಲ್ಯಾಣ ಇರುವುದು ಸುಮಾರು 77 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ನಿಜವಾದ ನಡುಹಗಲು ಸರಾಸರಿ 22 ನಿಮಿಷ ತಡ. ಋತುವಿಗೆ ತಕ್ಕಂತೆ ಇದರಲ್ಲಿ ಕೆಲವು ನಿಮಿಷ ಹೆಚ್ಚುಕಡಿಮೆಯಾಗುತ್ತದೆ. ಇನ್ನು ನೆತ್ತಿಯ ಮಾತು. ನಮ್ಮ ಅಕ್ಷಾಂಶ ಹದಿನೇಳೂ ಮುಕ್ಕಾಲು ಡಿಗ್ರಿಗಿಂತ ತುಸು ಹೆಚ್ಚು ಉತ್ತರ. ಸೂರ್ಯ ಇಲ್ಲಿ ನಿಜವಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಮೇ 11ರ ಸುಮಾರಿಗೆ ಒಮ್ಮೆ, ಆಗಸ್ಟ್ 1ರ ಸುಮಾರಿಗೆ ಇನ್ನೊಮ್ಮೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಬರುತ್ತದೆ. ಮೇ ತಿಂಗಳಿನಲ್ಲಿ ಶಾಲೆಗೆ ರಜೆ. ಆಗಸ್ಟಿನಲ್ಲಿ ಮೋಡ ತೆರೆದುಕೊಟ್ಟರೆ 12 ಗಂಟೆ 28 ನಿಮಿಷದ ಹೊತ್ತಿಗೆ ಮಕ್ಕಳು ತಮ್ಮ ಕೋಲಿನ ನೆರಳು ಮಾಯವಾಗುವುದನ್ನು ಕಣ್ಣಾರೆ ನೋಡಬಹುದು. ಶಾಲೆ ಆರಂಭವಾಗುವ ಜೂನ್ ಮೊದಲ ವಾರದಲ್ಲಿ ನಡುಹಗಲ ನೆರಳು ಏಳೆಂಟು ಸೆಂಟಿಮೀಟರ್ ಮಾತ್ರ, ಅದೂ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಉತ್ತರಕ್ಕೆ ಬಿದ್ದ ನೆರಳನ್ನು ಅಳೆದ ಮಗುವಿಗೆ ಇದು ಸಣ್ಣ ಆಶ್ಚರ್ಯವಲ್ಲ. ಖರ್ಚು ಒಂದು ಕೋಲು ಮತ್ತು ಒಂದು ಹಿಡಿ ಸುಣ್ಣ.

ಇಲ್ಲಿ ಭಾಷೆಯ ಮಾತೊಂದಿದೆ. 'ನೆಳ್ಳು' ಎಂದ ಹುಡುಗಿಯನ್ನು 'ನೆರಳು ಅನ್ನಬೇಕು' ಎಂದು ತಿದ್ದಲು ಪ್ರಶಿಕ್ಷಣಾರ್ಥಿ ಬಾಯಿ ತೆರೆದವರು, ಯಾಕೋ ಸುಮ್ಮನಾದರು. ಒಳ್ಳೆಯದಾಯಿತು. ನಮ್ಮ ಗಡಿ ತಾಲ್ಲೂಕುಗಳ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಮನೆಯಲ್ಲಿ 'ಸಾವಲಿ' ಎನ್ನುವ ಮರಾಠಿ ಮಗು, 'ಸಾಯಾ' ಎನ್ನುವ ಉರ್ದು ಮಗು, 'ನೆಳ್ಳು' ಎನ್ನುವ ಕನ್ನಡ ಮಗು ಕೂಡಿ ಕೂತಿರಬಹುದು. ವಸ್ತು ಕೈಗೆ ಸಿಗುವವರೆಗೆ ಮನೆಯ ಮಾತು ನಡೆಯಲಿ. ಪಾರಿಭಾಷಿಕ ಪದ ಆಮೇಲೆ ಬಂದರೂ ತಡವಾಗುವುದಿಲ್ಲ. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಐದು ಸಲ ಕೋರಸ್ಸಿನಲ್ಲಿ ಹೇಳಿಸಿದ ಪಾಠವನ್ನೂ ಆ ತಿಂಗಳಲ್ಲಿಯೇ ನೋಡಿದೆ. ಎಲೆಯೊಂದು ಆ ತರಗತಿಯೊಳಗೆ ಬರಲೇ ಇಲ್ಲ.

ಎರಡನೆಯ ಪಾಠ ಹುಮನಾಬಾದ ತಾಲ್ಲೂಕಿನದು, ಐದನೆಯ ತರಗತಿಯಲ್ಲಿ ಸಸ್ಯದ ಬೇರು. ಬೇರಿನ ಚಾರ್ಟನ್ನು ಗೋಡೆಗೆ ತಿರುಗಿಸಿಟ್ಟು, ಶಾಲೆಯ ಹಿಂದಿನ ಹೊಲದವರ ಒಪ್ಪಿಗೆ ಪಡೆದು, ಎರಡು ಕಡಲೆ ಗಿಡ ಮತ್ತು ಒಂದು ಹಿಂಗಾರಿ ಜೋಳದ ಗಿಡವನ್ನು ಮಣ್ಣುಸಮೇತ ತಂದಿದ್ದರು. ಗಿಡವನ್ನು ಹಿಡಿದು ಕಿತ್ತರೆ ಗಂಟುಗಳೆಲ್ಲ ಮಣ್ಣಿನಲ್ಲಿಯೇ ಉಳಿದುಬಿಡುತ್ತವೆ. ಖುರಪಿಯಿಂದ ಸುತ್ತ ಅಗೆದು ಎತ್ತಿ, ಬಕೆಟ್ ನೀರಿನಲ್ಲಿ ಅಲುಗಾಡಿಸಿ ತೊಳೆಯಬೇಕು. ಕಡಲೆ ಬೇರಿನಲ್ಲಿ ಗಂಟುಗಳು ಕಂಡವು, ಜೋಳದ ಬೇರಿನಲ್ಲಿ ಇಲ್ಲ. 'ಹುಳ ಹತ್ತ್ಯಾವ್ರೀ ಟೀಚರ್' ಎಂದು ಒಬ್ಬ ಹುಡುಗ ಅಂದ. ಆ ಊಹೆ ತಪ್ಪೆಂದು ಹೇಳದೆ ಗಂಟನ್ನು ಉಗುರಿನಿಂದ ಒಡೆದು ನೋಡಲು ಶಿಕ್ಷಕಿ ಹೇಳಿದರು. ಒಳಗೆ ತಿಳಿಗೆಂಪು ಬಣ್ಣ, ಹುಳ ಇಲ್ಲ. ಆ ಬಣ್ಣ ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಎಂಬುದರ ಗುರುತು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಒಂದು ಪ್ರೋಟೀನಿನಿಂದ ಅದು ಬರುತ್ತದೆ. ಈ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಐದನೆಯ ತರಗತಿಗೆ ಇಷ್ಟೂ ಬೇಕಿಲ್ಲ, 'ಗಾಳಿಯಿಂದ ಗೊಬ್ಬರ ತಯಾರಿಸುವ ಜೀವಿಗಳು' ಎಂದರೆ ಸಾಕು. ಅದೇ ಹುಡುಗ ಹೇಳಿದ: 'ನಮ್ ಮುತ್ಯಾ ಅಂತಾನ್ರೀ, ಕಡ್ಲಿ ಹಾಕಿದ್ ಹೊಲ್ದಾಗ ಮುಂದಿನ್ ಬೆಳಿ ಛಲೋ ಬರ್ತದ ಅಂತ.' ತೊಗರಿ, ಹೆಸರು, ಉದ್ದು, ಸೋಯಾ ಬೆಳೆಯುವ ನಮ್ಮ ಜಿಲ್ಲೆಯ ಮಗುವಿಗೆ ಮುತ್ಯಾನ ಅನುಭವಕ್ಕೂ ಪುಸ್ತಕಕ್ಕೂ ನಡುವೆ ಇಂಥ ದಾರಿ ಇದೆಯೆಂದು ತೋರಿಸುವುದೇ ಈ ಪಾಠದ ಬೆಲೆ. ಕಡಲೆ ಎಲೆಯ ಹುಳಿ ಮಕ್ಕಳಿಗೆಲ್ಲ ಗೊತ್ತು. ದಾಸವಾಳ ಹೂವಿನ ರಸ ಹಚ್ಚಿದ ಕಾಗದದಿಂದ ಅದನ್ನು ಪರೀಕ್ಷಿಸುವುದು ಏಳನೆಯ ತರಗತಿಯ ಆಮ್ಲ-ಪ್ರತ್ಯಾಮ್ಲದ ಪಾಠಕ್ಕೆ ಒದಗುತ್ತದೆ.

ನಮ್ಮ ಮೌಲ್ಯಮಾಪನ ನಮೂನೆಯ ಬಗ್ಗೆ ಸಹೋದ್ಯೋಗಿಗಳಲ್ಲಿ ಒಂದು ಮಾತು ಕೇಳಿಕೊಳ್ಳಬೇಕಿದೆ. ಕಪ್ಪುಹಲಗೆಯ ಬರಹಕ್ಕೆ, ಬೋಧನೋಪಕರಣಕ್ಕೆ, ಧ್ವನಿಯ ಏರಿಳಿತಕ್ಕೆ ಅಂಕಗಳಿವೆ. ಮಗು ಕೇಳಿದ ಪ್ರಶ್ನೆಗೆ ಅಂಕವಿಲ್ಲ. ಗಲಾಟೆಯಾದರೆ 'ತರಗತಿ ನಿರ್ವಹಣೆ'ಯಲ್ಲಿ ಕಡಿತವಾಗುತ್ತದೆ. ಹೀಗಿರುವಾಗ ಅಂಗಳಕ್ಕೆ ಹೋಗುವ ಧೈರ್ಯ ಯಾವ ಪ್ರಶಿಕ್ಷಣಾರ್ಥಿಗೆ ಬಂದೀತು? ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಹಳ್ಳಿಶಾಲೆಗಳಿಂದ ಆರಂಭವಾಗಿ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಮಕ್ಕಳು ಗುಂಪುಗಳಲ್ಲಿ ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು. ಅಲ್ಲಿ ಪರೀಕ್ಷೆಯನ್ನೂ ಪುಸ್ತಕ ತೆರೆದಿಟ್ಟು ಬರೆಯುವಂತೆ ಬದಲಿಸಿದ್ದರು. ಅಳೆಯುವ ವಿಧಾನ ಬದಲಾಗದೆ ಕಲಿಸುವ ವಿಧಾನ ಬದಲಾಗದೆಂದು ಅವರು ಅರಿತಿದ್ದರು.

'ಇಷ್ಟೆಲ್ಲ ಪ್ರಾಥಮಿಕ ಮಕ್ಕಳಿಗೆ ಬೇಕೇ?' ಎಂದು ಶಿಕ್ಷಕರೊಬ್ಬರು ಕೇಳಿದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪದ ನೆನಪು ನಮ್ಮ ಹಳ್ಳಿಗಳ ಹಿರಿಯರಿಗೆ ಇನ್ನೂ ಹಸಿಯಾಗಿದೆ. ಸುಮಾರು ಹತ್ತು ಸಾವಿರ ಜನ ಸತ್ತರು. ಬಹಳಷ್ಟು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಗುಂಡುಗಲ್ಲಿನ ದಪ್ಪ ಗೋಡೆ ಮತ್ತು ಅದರ ಮೇಲಿನ ಭಾರದ ಮಾಳಿಗೆ. ಅಂಥ ಮನೆಗಳು ನಮ್ಮಲ್ಲೂ ಇವೆ. ಗೋಡೆಯ ಎರಡು ಪದರಗಳನ್ನು ಕೂಡಿಸುವ ಉದ್ದನೆಯ ಅಡ್ಡಕಲ್ಲು ಇಲ್ಲದಿದ್ದರೆ ಅದು ಹೇಗೆ ಸೀಳಿ ಬೀಳುತ್ತದೆಂಬುದನ್ನು ಒಂದು ಮಣೆ, ಹಿಡಿ ಹರಳುಕಲ್ಲು, ಸ್ವಲ್ಪ ಹಸಿಮಣ್ಣು ಇಟ್ಟುಕೊಂಡು ಐದನೆಯ ತರಗತಿಯಲ್ಲಿ ತೋರಿಸಬಹುದು. ಮಣೆಯನ್ನು ಅಲುಗಾಡಿಸಿದರೆ ಸಾಕು. ಆ ಮಗು ಮುಂದೆ ಗೌಂಡಿಯಾಗಬಹುದು, ಮನೆ ಕಟ್ಟಿಸುವವನಾಗಬಹುದು. ಹತ್ತನೆಯ ತರಗತಿಯವರೆಗೆ ಓದದೆಯೂ ಹೋಗಬಹುದು. ಆ ಶಿಕ್ಷಕರಿಗೆ ನಾನು ಕೊಟ್ಟ ಉತ್ತರ ಇದೇ.

ಮುಂದಿನ ವರ್ಷದ ಕಾರ್ಯಸೂಚಿಯಲ್ಲಿ ಆಗಸ್ಟ್ ಮೊದಲ ವಾರವನ್ನು ಶಾಲಾ ವೀಕ್ಷಣೆಗೆ ಇಡಬೇಕೆಂದು ವಿಭಾಗದ ಸಭೆಯಲ್ಲಿ ಕೋರಿದ್ದೇನೆ. ಮೀಟರ್ ಕೋಲುಗಳನ್ನು ಎರಡೂ ತಾಲ್ಲೂಕಿನ ಅಭ್ಯಾಸ ಶಾಲೆಗಳಲ್ಲಿಯೇ ಬಿಟ್ಟು ಬಂದಿದ್ದೇವೆ.