ಕಡಲ ಬೆಳ್ಳಕ್ಕಿಯನ್ನು ಗುರುತಿಸುವುದು ಹೇಗೆ?

ಪಕ್ಷಿಶಾಸ್ತ್ರದಲ್ಲಿ ಎಗ್ರೆಟ್ಟಾ ಗುಲಾರಿಸ್ ಎಂಬ ಹೆಸರುಳ್ಳ ಕಡಲ ಬೆಳ್ಳಕ್ಕಿಯು ಪಶ್ಚಿಮ ಆಫ್ರಿಕಾ, ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಯ ತೀರಗಳಿಂದ ಭಾರತ, ಶ್ರೀಲಂಕಾಗಳವರೆಗೆ ಹರಡಿರುವ ಬಕವಾಗಿದ್ದು, ಕರ್ನಾಟಕದ ಕರಾವಳಿಯಲ್ಲೂ ಕಾಣಸಿಗುತ್ತದೆ. ಒಂದೇ ಪ್ರಭೇದದಲ್ಲಿ ಬೂದು ಮತ್ತು ಬಿಳಿ ಎಂಬ ಎರಡು ವರ್ಣರೂಪಗಳಿರುವುದರಿಂದಲೂ, ಬಿಳಿಯ ರೂಪವು ಗದ್ದೆಬಯಲಿನ ಸಣ್ಣ ಬೆಳ್ಳಕ್ಕಿಯನ್ನು ಬಹುವಾಗಿ ಹೋಲುವುದರಿಂದಲೂ, ಇದನ್ನು ಹಲವು ಲಕ್ಷಣಗಳನ್ನು ಕೂಡಿಸಿಯೇ ಗುರುತಿಸಬೇಕಾಗುತ್ತದೆ.

1. ತಾಣ ಮತ್ತು ವೇಳೆ: ನದಿಯ ನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಘನಾಶಿನಿ, ಕಾಳಿಯಂತಹ ಅಳಿವೆಗಳಲ್ಲಿ, ಕಾಂಡ್ಲಾ ಕಾಡಿನ ಅಂಚಿನಲ್ಲಿ ಮತ್ತು ಕಲ್ಲುತೀರಗಳಲ್ಲಿ, ಇಳಿತದಿಂದ ಕೆಸರುಬಯಲು ತೆರೆದುಕೊಳ್ಳುವ ಹೊತ್ತಿಗೆ ಹುಡುಕುವುದು ಸೂಕ್ತ.

2. ಬಣ್ಣ: ಬೂದುರೂಪದ ಪಕ್ಷಿಯ ಮೈ ಕಡುಬೂದಾಗಿದ್ದು, ಗಲ್ಲ ಮತ್ತು ಗಂಟಲು ಮಾತ್ರ ಬೆಳ್ಳಗಿರುತ್ತವೆ. ಬೂದು ಬಕವೂ ಅದೇ ತೀರದಲ್ಲಿರಬಹುದಾದರೂ, ಅದು ಇದಕ್ಕಿಂತ ಬಹಳ ದೊಡ್ಡದು. ಬೂದು ಮೈಯಲ್ಲಿ ಬಿಳಿ ಗರಿಗಳು ಬೆರೆತ ಪಕ್ಷಿಗಳೂ ಉಂಟು.

3. ಕೊಕ್ಕು: ಬಿಳಿರೂಪದಲ್ಲಿ ಇದೇ ಮುಖ್ಯ ಸುಳಿವು. ಸಣ್ಣ ಬೆಳ್ಳಕ್ಕಿಯ ಕೊಕ್ಕು ಸಾಮಾನ್ಯವಾಗಿ ಕಪ್ಪಾಗಿ, ತೆಳುವಾಗಿ, ನೇರವಾಗಿದ್ದರೆ, ನಮ್ಮ ತೀರದ ಕಡಲ ಬೆಳ್ಳಕ್ಕಿಯ ಕೊಕ್ಕು ತುಸು ದಪ್ಪವಾಗಿ, ಹಳದಿ ಬೆರೆತ ಕಂದುಬಣ್ಣದ್ದಾಗಿ, ತುದಿಯತ್ತ ನಸುವಾಗಿ ಕೆಳಬಾಗಿರುತ್ತದೆ.

4. ಕಾಲು: ಎರಡು ಪ್ರಭೇದಗಳಿಗೂ ಹಳದಿ ಬೆರಳುಗಳಿವೆ, ಆದರೆ ಕಡಲ ಬೆಳ್ಳಕ್ಕಿಯಲ್ಲಿ ಈ ಹಳದಿಯು ಅನೇಕ ವೇಳೆ ಪಾದವನ್ನು ಮೀರಿ ಕಾಲಿನ ಕೆಳಭಾಗಕ್ಕೂ ಏರಿರುತ್ತದೆ. ಕಾಲಿಗೆ ಕೆಸರು ಮೆತ್ತಿರುವಾಗ ಈ ಗುರುತನ್ನು ನೆಚ್ಚಲಾಗದು.

5. ನಡವಳಿಕೆ: ಇದು ಸಾಮಾನ್ಯವಾಗಿ ಒಂಟಿಯಾಗಿ ಬೇಟೆಯಾಡುತ್ತದೆ. ಒಂದು ಪಾದದಿಂದ ಕೆಸರನ್ನು ಕಲಕಿ ಅಡಗಿದ ಜೀವಿಗಳನ್ನು ಎಬ್ಬಿಸುವುದು, ಆಳವಿಲ್ಲದ ನೀರಿನಲ್ಲಿ ರೆಕ್ಕೆ ಅರೆಬಿಚ್ಚಿ ದಿಢೀರನೆ ಓಡಿ ಮೀನು ಹಿಡಿಯುವುದು ಇದರ ರೂಢಿ. ಸಣ್ಣ ಬೆಳ್ಳಕ್ಕಿಯೂ ಹೀಗೆ ಮಾಡುವುದರಿಂದ, ನಡವಳಿಕೆಯು ಕೇವಲ ಪೂರಕ ಸಾಕ್ಷ್ಯ.

6. ದಾಖಲೆ: ಈ ಎರಡು ಪ್ರಭೇದಗಳ ನಡುವೆ ಸಂಕರವೂ ನಡೆಯುವುದರಿಂದ, ಎರಡರ ಲಕ್ಷಣಗಳೂ ಬೆರೆತ ಪಕ್ಷಿಗಳು ಎದುರಾಗಬಹುದು. ಪಕ್ಷಿಯನ್ನು ಬೆದರಿಸದೆ, ದೂರದಿಂದಲೇ ದುರ್ಬೀನಿನಲ್ಲಿ ನೋಡಿ, ಕೊಕ್ಕು ಮತ್ತು ಕಾಲುಗಳು ಪಕ್ಕದಿಂದ ಸ್ಪಷ್ಟವಾಗಿ ಕಾಣುವ ಚಿತ್ರ ತೆಗೆದು, ಸ್ಥಳ ಹಾಗೂ ಉಬ್ಬರವಿಳಿತದ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಸಂದೇಹ ಉಳಿದರೆ ‘ಗುರುತು ಖಚಿತವಿಲ್ಲ’ ಎಂದು ನಮೂದಿಸುವುದೇ ಸರಿ. ಊಹೆಯಿಂದ ಬರೆದ ಹೆಸರು ಮುಂದೆ ಆ ಅಳಿವೆಯ ಪಕ್ಷಿಗಣತಿಯ ಲೆಕ್ಕವನ್ನೇ ತಪ್ಪಿಸುತ್ತದೆ.